ಇನ್ಮೇಲೆ ಬಂದ ದಿನವೇ ಕುದುರೆ ಹತ್ತಿಸುವುದಿಲ್ಲ

ನಮಸ್ಕಾರ ರೀ ಎಲ್ಲರಿಗೂ,

ಆನೆಗೊಂದಿ ಕಡೆಯ ನಮ್ಮ ಲಾಯಕ್ಕೆ ಬಂದು, ವಿಜಯನಗರದ ರಾವುತರ ವೇಷ ಹಾಕಿ ಕುದುರೆ ಓಡಿಸಿದವರು ನೀವು. ಅದಕ್ಕೇ ಈ ಬದಲಾವಣೆಯನ್ನು ಮೊದಲು ನಿಮಗೇ ಹೇಳುತ್ತಿದ್ದೇವೆ. ಬೆಳಿಗ್ಗೆ ಬಂದು ಕುಳ್ಳಾಯಿ ಟೋಪಿ ಇಟ್ಟುಕೊಂಡು ಸಂಜೆಯೊಳಗೆ ದಾಳಿ ಮಾಡಿ ಹೋಗುವ ಒಂದು ದಿನದ ಪ್ಯಾಕೇಜ್ ಈ ಅಕ್ಟೋಬರ್‌ನಿಂದ ಇರುವುದಿಲ್ಲ. ನಾಲ್ಕು ಭಾನುವಾರ ಬರಬೇಕು. ಮೊದಲ ಎರಡು ವಾರ ಕತ್ತಿ ಮುಟ್ಟುವ ಹಾಗಿಲ್ಲ.

ಯಾಕೆ ಅಂತ ನೇರವಾಗಿ ಹೇಳಿಬಿಡುತ್ತೇವೆ. ಹೋದ ಜನವರಿಯಲ್ಲಿ ಒಬ್ಬರು ತಮ್ಮದೇ ಕಬ್ಬಿಣದ ಕತ್ತಿ ತಂದಿದ್ದರು. ಒರೆಯನ್ನು ಸೊಂಟಕ್ಕೆ ಸಡಿಲವಾಗಿ ಕಟ್ಟಿದ್ದರು. ನಮ್ಮ ಕುದುರೆ ಚಂದ್ರಿ ನಡೆಯುವವರೆಗೆ ಏನೂ ಆಗಲಿಲ್ಲ. ಸಣ್ಣ ಓಟ ಶುರುವಾದ ತಕ್ಷಣ ಒರೆಯ ತುದಿ ಟಪ್ ಟಪ್ ಅಂತ ಅವಳ ಪಕ್ಕೆಗೆ ಬಡಿಯತೊಡಗಿತು. ಅದು ಒರೆ ಅಂತ ಅವಳಿಗೇನು ಗೊತ್ತು, ಓಡು ಓಡು ಅಂತ ಯಾರೋ ಹೊಡೆಯುತ್ತಿದ್ದಾರೆ ಅಂದುಕೊಂಡಳು, ಓಡಿದಳು. ಇವರು ಲಗಾಮು ಬಿಟ್ಟು ಜೂಲು ಹಿಡಿದರು. ಹಿಮ್ಮಡಿ ಇಲ್ಲದ ಸ್ಪೋರ್ಟ್ಸ್ ಶೂ ರಿಕಾಬಿನೊಳಗೆ ಪೂರ್ತಿ ತೂರಿಕೊಂಡಿತ್ತು, ಬಿದ್ದ ಮೇಲೂ ಚಂದ್ರಿ ಅವರನ್ನು ಹತ್ತು ಹೆಜ್ಜೆ ಎಳೆದುಕೊಂಡು ಹೋದಳು. ಅವರ ಕಾಲರ್ ಬೋನ್ ಮುರಿಯಿತು. ಚಂದ್ರಿಯ ಮುಂಗಾಲು ಗರಸಿಗೆ ತರಚಿ ಆರು ವಾರ ಲಾಯದಲ್ಲೇ ನಿಂತಳು.

ತಪ್ಪು ನಮ್ಮದು. ಒರೆಯ ಕಟ್ಟು, ಕಾಲಿನ ಶೂ ಎರಡನ್ನೂ ನೋಡಬೇಕಾದವರು ನಾವು. ಫೋಟೋದವರು ಬೆಳಕು ಹೋಗುತ್ತೆ ಅಂತ ಅವಸರ ಮಾಡಿದರು, ನಾವೂ ಸುಮ್ನೆ ಹೂಂ ಅಂದುಬಿಟ್ಟೆವು.

ವಿಜಯನಗರದ ರಾಜ ಸಾಳುವ ನರಸಿಂಹನ ಬಗ್ಗೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಒಂದು ಮಾತು ಬರೆದಿದ್ದಾನೆ. ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನಿಂದ ಬರುವ ಕುದುರೆ ಹಡಗಿನಲ್ಲೇ ಸತ್ತರೂ ವ್ಯಾಪಾರಿ ಬಾಲ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ನಾವು ಐದು ಮನೆಯವರು ಸಾಲ ಮಾಡಿ ಏಳು ಕುದುರೆ ತಂದವರು. ಬಾಲ ತೋರಿಸಿದರೆ ದುಡ್ಡು ಕೊಡುವ ರಾಜ ನಮಗೆ ಎಲ್ಲಿಂದ ಬರಬೇಕು!

ಹಾಗಾಗಿ ಮೊದಲ ವಾರ ಮೈ ಉಜ್ಜುವುದು, ಗೊರಸು ಎತ್ತಿ ಕಲ್ಲು ತೆಗೆಯುವುದು, ಜೀನು ಬಿಗಿಯುವುದು. ಬೇಜಾರಾಗಬಹುದು. ಆದರೆ ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿ, ಆಮೇಲೆ ಸಡಿಲ ಬಿಟ್ಟು ಮೋಸ ಮಾಡುತ್ತದೆ. ನಾಲ್ಕು ಹೆಜ್ಜೆ ನಡೆಸಿ ಮತ್ತೊಮ್ಮೆ ಬಿಗಿಯಬೇಕು. ಇದು ಗೊತ್ತಿಲ್ಲದೆ ಹತ್ತಿದರೆ ಜೀನಿನ ಸಮೇತ ಕುದುರೆಯ ಹೊಟ್ಟೆ ಕೆಳಗೆ ಹೋಗುತ್ತೀರಿ. ಎರಡನೇ ವಾರ ನಡಿಗೆ, ಸಣ್ಣ ಓಟ. ಮೂರನೆಯದಕ್ಕೆ ಒಂದೇ ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಮರದ ಕತ್ತಿ. ನಾಗಾಲೋಟ ಕೊನೆಯ ವಾರ, ಅದೂ ನಾವು ಹೂಂ ಅಂದವರಿಗೆ ಮಾತ್ರ. ಒರೆ ಇನ್ನು ಜೀನಿಗೇ ಎರಡು ಕಡೆ ಕಟ್ಟಿರುತ್ತದೆ.

ತೂಕದ ಮಾತೂ ಇದೆ, ಬೇಸರ ಮಾಡಿಕೊಳ್ಳಬೇಡಿ. ಕುದುರೆಯ ಮೇಲಿನ ಒಟ್ಟು ಭಾರ ಅದರ ತೂಕದ ಐದರಲ್ಲಿ ಒಂದು ಪಾಲು ದಾಟಬಾರದು ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮವು 400 ಕೆಜಿ ಆಸುಪಾಸಿನವು, ಅಂದರೆ 80. ಜೀನು 8, ವೇಷ 2 ಕಳೆದರೆ ಸವಾರರಿಗೆ ಉಳಿಯುವುದು 70. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನೋಡಿದ ರಾವುತರ ಅಂಗಿ ಪದರ ಪದರ ತೊಗಲಿನದು, ಒಳಗೆ ಕಬ್ಬಿಣವೂ ಇತ್ತು. ಅದೇ ಥರ ನಾವೂ ಹೊಲಿಸಿದ್ದೆವು, ಒಂದೊಂದು 11 ಕೆಜಿ. ಅವು ಇನ್ನು ಗೋಡೆಗೆ. ಹತ್ತಿ ತುಂಬಿದ ಅಂಗಿ ಕೊಡುತ್ತೇವೆ, ದೂರದಿಂದ ಯಾರಿಗೂ ಗೊತ್ತಾಗಲ್ಲ.

ಹೆಲ್ಮೆಟ್ ಕಡ್ಡಾಯ. "ಕೃಷ್ಣದೇವರಾಯ ಹೆಲ್ಮೆಟ್ ಹಾಕಿದ್ನಾ" ಅಂತ ಕೇಳಿದವರಿಗೆ ಉತ್ತರ: ಕುಳ್ಳಾಯಿ ಹೇಗೂ ಉದ್ದದ ಟೋಪಿ ಅಲ್ವಾ, ಒಳಗೆ ಹೆಲ್ಮೆಟ್ ಕೂರುವಷ್ಟು ದೊಡ್ಡದಾಗಿ ಹೊಲಿಸಿದ್ದೇವೆ. ಸ್ವಲ್ಪ ಹಲಸಿನಹಣ್ಣಿನ ಹಾಗೆ ಕಾಣುತ್ತದೆ, ಒಪ್ಪಿಕೊಳ್ಳುತ್ತೇವೆ.

70 ಕೆಜಿ ದಾಟಿದವರು ಬರಬೇಡಿ ಅನ್ನುತ್ತಿಲ್ಲ. 1520ರ ರಾಯಚೂರು ಯುದ್ಧದಲ್ಲಿ ಕುದುರೆಯವರಿಗಿಂತ ಕಾಲಾಳುಗಳೇ ಜಾಸ್ತಿ. ಕೃಷ್ಣದೇವರಾಯನ ಕಡೆ ಪೋರ್ಚುಗೀಸ್ ಬಂದೂಕಿನವರೂ ಇದ್ದರು, ಕೋಟೆ ಗೋಡೆ ಮೇಲೆ ತಲೆ ಎತ್ತಿದವರಿಗೆ ಗುರಿ ಇಡುತ್ತಿದ್ದರು. ಆ ಪಾತ್ರಕ್ಕೆ ನಮ್ಮಲ್ಲಿ ಯಾವಾಗಲೂ ಜನ ಕಡಿಮೆ. ಈಟಿ, ಗುರಾಣಿ, ಮರದ ಬಂದೂಕು ನಮ್ಮದು, ಅರ್ಧ ದುಡ್ಡು.

ನಾಲ್ಕು ವಾರಕ್ಕೆ 6,000 ರೂಪಾಯಿ. ಮೊದಲು ಒಂದು ದಿನಕ್ಕೇ 3,500 ಇತ್ತು. ದೂರದ ಬೆಂಗಳೂರಿನವರಿಗೆ ನಾಲ್ಕು ಸಲ ಬರುವುದು ಕಷ್ಟ ಅಂತ ಗೊತ್ತು. ಎರಡು ಶನಿವಾರ-ಭಾನುವಾರ ಸೇರಿಸಿ ಮುಗಿಸಬಹುದು. ಮುಂಗಡ ಕೊಟ್ಟವರಿಗೆ ಇದು ಬೇಡ ಅನ್ನಿಸಿದರೆ ಪೂರ್ತಿ ವಾಪಸ್, ಒಂದು ಮೆಸೇಜ್ ಹಾಕಿ ಸಾಕು. ಮಾರ್ಚ್‌ನಿಂದ ಲಾಯ ಬಂದ್, ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಹಂಪಿಯ ಸ್ಮಾರಕಗಳ ಮುಂದೆ ಫೋಟೋಗೆ ಕುದುರೆ ತನ್ನಿ ಅಂತ ದಯವಿಟ್ಟು ಕೇಳಬೇಡಿ.

ಬೆಳಿಗ್ಗೆ ಆರಕ್ಕೆ ಬನ್ನಿ, ಹಿಮ್ಮಡಿ ಇರುವ ಶೂ ಹಾಕಿಕೊಂಡು. ಒಗ್ಗರಣೆ ಮಂಡಕ್ಕಿ, ಮಿರ್ಚಿ ನಮ್ಮ ಕಡೆಯಿಂದ, ಆದರೆ ಕುದುರೆಗಳ ಹುರುಳಿ ಮುಗಿದ ಮೇಲೆ. ಚಂದ್ರಿ ಈಗ ಚೆನ್ನಾಗಿದ್ದಾಳೆ. ಕತ್ತಿ ಕಂಡರೆ ಮಾತ್ರ ಇನ್ನೂ ಕಿವಿ ಹಿಂದಕ್ಕೆ ಮಡಚುತ್ತಾಳೆ, ಹಾಗಾಗಿ ಅವಳನ್ನು ಈ ಸಲ ಮೊದಲ ವಾರದವರಿಗೆ ಮಾತ್ರ ಕೊಡುತ್ತೇವೆ.

ಇಂತಿ,
ಲಾಯದವರು