ಗಣಿತ ಕಲಿಸಲು ಬರುವವರ ವಿದ್ಯಾರ್ಥಿವೇತನ ಸಮಯಕ್ಕೆ ಸಿಗಲಿ

ಮಾನ್ಯರೆ,

ಶಾಲೆಗಳಲ್ಲಿ ಗಣಿತ ಶಿಕ್ಷಕರಿಲ್ಲ ಎಂಬ ಸುದ್ದಿಯನ್ನು ಆಗಾಗ ಓದುತ್ತೇವೆ. ಆದರೆ ಶಿಕ್ಷಕರಾಗಲು ಹೊರಟವರು ಅರ್ಧ ದಾರಿಯಲ್ಲೇ ಯಾಕೆ ಬೇರೆ ಕಡೆ ಹೋಗುತ್ತಾರೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಈ ಪತ್ರ.

ನಾನು ಕುಮಟಾ ತಾಲ್ಲೂಕಿನ ಪ್ರೌಢಶಾಲೆಯಲ್ಲಿ 29 ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಬಿ.ಇಡಿ. ಓದುವವರು ಪ್ರತಿವರ್ಷ ನಮ್ಮಲ್ಲಿಗೆ ಇಂಟರ್ನ್‌ಶಿಪ್‌ಗೆ ಬರುತ್ತಿದ್ದರು. 2022ರಲ್ಲಿ ತದಡಿ ಕಡೆಯ ಒಬ್ಬ ಹುಡುಗ ಬಂದಿದ್ದ. ಬಿ.ಎಸ್ಸಿ.ಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮಾಡಿದವನು.

ಒಂದು ದಿನ ಎಂಟನೇ ತರಗತಿಯಲ್ಲಿ ಅವನ ಪಾಠ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮೈನಸ್ ಮೂರರಿಂದ ಮೈನಸ್ ಐದನ್ನು ಕಳೆದರೆ ಎರಡು ಹೇಗೆ ಬರುತ್ತದೆ ಎಂದು ಒಬ್ಬಳು ಹುಡುಗಿ ಪಟ್ಟು ಹಿಡಿದಳು. ‘ಮೈನಸ್ ಮೈನಸ್ ಪ್ಲಸ್, ಬರ್ಕೊ’ ಎಂದು ಮುಗಿಸುವವರೇ ಜಾಸ್ತಿ. ಇವನು ಬೋರ್ಡ್ ಒರೆಸಿದ.

“ನಿನ್ನ ಕೈಲಿ ಐದು ರೂಪಾಯಿ ಇದೆ. ಅಂಗಡಿಯಲ್ಲಿ ಎಂಟು ರೂಪಾಯಿ ಸಾಲ. ನಿನ್ನ ಲೆಕ್ಕ ಎಷ್ಟಾಯ್ತು?”

“ಮೈನಸ್ ಮೂರು.”

“ಅಂಗಡಿಯವರು ಐದು ರೂಪಾಯಿ ಸಾಲ ಬಿಟ್ಟುಬಿಟ್ಟರು. ಈಗ?”

ಹುಡುಗಿ ಬೆರಳು ಮಡಚಿದಳು. “ಸಾಲ ಮೂರು, ಕೈಲಿ ಐದು... ಎರಡು ಉಳೀತು ಮಾಸ್ತರೆ!”

ಇಷ್ಟು ವರ್ಷದಲ್ಲಿ ನನಗೂ ಹೀಗೆ ಹೇಳಿಕೊಡಲು ಹೊಳೆದಿರಲಿಲ್ಲ. ಪಾಠ ಮುಗಿದ ಮೇಲೆ ಬೆನ್ನು ತಟ್ಟಲು ಹೋದೆ. ಆಗ ಅವನ ಕೈ ನೋಡಿದೆ. ಬೆರಳುಗಳ ಸಂದಿಯೆಲ್ಲ ಬಿರುಕು ಬಿಟ್ಟಿತ್ತು, ಅದರೊಳಗೆ ಚಾಕ್‌ಪೀಸ್ ಪುಡಿ ಕೂತಿತ್ತು. ಕೇಳಿದರೆ, “ಐಸ್ ಹೊರೋದಲ್ವಾ ಅಕ್ಕೋರೆ, ಹಂಗೇ ಆಗ್ತದೆ” ಎಂದ. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ನೀರಿಗಿಳಿದ ದಿನದಿಂದ ಬೆಳಗಿನ ಜಾವ ನಾಲ್ಕಕ್ಕೆ ಬಂದರಿಗೆ ಹೋಗಿ, ಐಸ್ ತುಂಬಿಸಿ, ಸ್ನಾನ ಮಾಡಿ ಶಾಲೆಗೆ ಬರುತ್ತಿದ್ದ.

ಮೊದಲ ವರ್ಷ ಅವನಿಗೆ ಈ ಕಷ್ಟ ಇರಲಿಲ್ಲ. ಸಂಜೆ ಟ್ಯೂಷನ್ ಹೇಳುತ್ತಿದ್ದ, ಖರ್ಚು ನಡೆಯುತ್ತಿತ್ತು. ಎರಡನೇ ವರ್ಷದ ಇಂಟರ್ನ್‌ಶಿಪ್ 16 ವಾರ. ಬೆಳಗಿಂದ ಸಂಜೆವರೆಗೆ ಶಾಲೆ, ರಾತ್ರಿ ಪಾಠಯೋಜನೆ ಬರೆಯುವುದು, ಚಾರ್ಟ್ ಮಾಡುವುದು. ಟ್ಯೂಷನ್ ನಿಂತಿತು. ಬಸ್ ಪಾಸ್ ಇದ್ದದ್ದು ಕಾಲೇಜಿಗೆ, ನಮ್ಮ ಶಾಲೆ ಇದ್ದದ್ದು ಬೇರೆ ದಾರಿಯಲ್ಲಿ. ಆದಾಯ ನಿಲ್ಲುವುದೂ ಖರ್ಚು ಏರುವುದೂ ಒಟ್ಟಿಗೇ.

ಅವನಿಗೆ ರಾಜ್ಯ ಸರ್ಕಾರದ ವಿದ್ಯಾಸಿರಿ ವಿದ್ಯಾರ್ಥಿವೇತನ ಮಂಜೂರಾಗಿತ್ತು. ಆಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000. ಆ ನಾಲ್ಕು ತಿಂಗಳು ಅಷ್ಟು ಬಂದಿದ್ದರೂ ಐಸ್ ಹೊರುವುದು ತಪ್ಪುತ್ತಿತ್ತು. ಹಣ ಖಾತೆಗೆ ಬಿದ್ದಾಗ ಇಂಟರ್ನ್‌ಶಿಪ್ ಮುಗಿದು, ಪರೀಕ್ಷೆಯೂ ಮುಗಿದಿತ್ತು. ಆ ಹೊತ್ತಿಗೆ ಅವನ ಮೇಲೆ ಸಾಲವಿತ್ತು. ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಬರೆದು, ನೇಮಕಾತಿಗೆ ಕಾಯುತ್ತಾ ಕೂರುವ ಧೈರ್ಯ ಉಳಿಯಲಿಲ್ಲ. ಈಗ ಬೆಂಗಳೂರಿನಲ್ಲಿ ಒಂದು ಗೋದಾಮಿನ ಲೆಕ್ಕ ಬರೆಯುತ್ತಿದ್ದಾನೆ. ಚೌತಿಗೆ ಊರಿಗೆ ಬಂದಾಗ ಮನೆಗೆ ಬರುತ್ತಾನೆ. “ಎಂಟನೇತ್ತಿಗೆ ಈಗ ಗಣಿತ ಯಾರು ಹೇಳ್ತಾರೆ?” ಎಂದು ಕೇಳುತ್ತಾನೆ. ನನಗೆ ಉತ್ತರ ಕೊಡಲು ನಾಲಿಗೆ ಬರುವುದಿಲ್ಲ.

ಹಾಗಾಗಿ ನನ್ನ ಕೋರಿಕೆ ದೊಡ್ಡದೇನಲ್ಲ. ಬಿ.ಇಡಿ. ವಿದ್ಯಾರ್ಥಿಗಳ ವಿದ್ಯಾರ್ಥಿವೇತನವನ್ನು ಇಂಟರ್ನ್‌ಶಿಪ್‌ನ ತಿಂಗಳುಗಳಲ್ಲಿ, ತಿಂಗಳು ತಿಂಗಳೂ ಕೊಡಿ. ಗಣಿತದವರಿಗೆ ಸ್ವಲ್ಪ ಹೆಚ್ಚು ಕೊಟ್ಟರೆ ಇನ್ನೂ ಒಳ್ಳೆಯದು. ಇಂಗ್ಲೆಂಡಿನಲ್ಲಿ ಗಣಿತ ಶಿಕ್ಷಕರ ತರಬೇತಿಗೆ ಸರ್ಕಾರವೇ ಪ್ರತ್ಯೇಕ ವಿದ್ಯಾರ್ಥಿವೇತನ ಕೊಡುತ್ತದೆ. ಅಮೆರಿಕದಲ್ಲಿ ನಾಯ್ಸ್ ವಿದ್ಯಾರ್ಥಿವೇತನ ಅಂತ ಇದೆ. ಒಂದು ವರ್ಷ ಹಣ ಪಡೆದವರು ಎರಡು ವರ್ಷ ಶಿಕ್ಷಕರ ಅಗತ್ಯ ಹೆಚ್ಚಿರುವಂಥ ಕಡೆ ಕಲಿಸಬೇಕು. ನಮ್ಮ ಜೊಯಿಡಾದ ಕಾಡಿನ ನಡುವಿನ ಶಾಲೆಗಳಿಗೆ, ಅಂಕೋಲೆಯ ಘಟ್ಟದ ಬುಡದ ಶಾಲೆಗಳಿಗೆ ಈ ಕರಾರು ಚೆನ್ನಾಗಿ ಹೊಂದುತ್ತದೆ. ಆದರೆ ಕರಾರು ಹಾಕುವ ಸರ್ಕಾರ ಕೆಲಸವನ್ನೂ ಕೊಡಬೇಕು, ಅದಿಲ್ಲದೆ ಸುಮ್ನೆ ಬಾಂಡ್ ಬರೆಸಿಕೊಳ್ಳಬಾರದು.

ಸರ್ಕಾರದ ದಾರಿ ಕಾಯುತ್ತಲೇ ಇರಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಅಡಿಕೆ ಸೊಸೈಟಿಗಳಿವೆ, ಮೀನುಗಾರರ ಸಂಘಗಳಿವೆ. ಒಂದೊಂದು ಸಂಘ ಒಬ್ಬೊಬ್ಬರ ನಾಲ್ಕು ತಿಂಗಳ ಖರ್ಚು ನೋಡಿಕೊಂಡರೆ ಸಾಕು. ನಮ್ಮೂರ ಸೊಸೈಟಿಯ ಈ ಸಲದ ಮಹಾಸಭೆಗೆ ನಾನು ಅರ್ಜಿ ಬರೆದಿಟ್ಟುಕೊಂಡಿದ್ದೇನೆ. ನನ್ನ ಪೆನ್ಷನ್ನಿನಿಂದ ತಿಂಗಳಿಗೆ 2,000 ರೂಪಾಯಿ ಕೊಡುತ್ತೇನೆ ಎಂದೂ ಅದರಲ್ಲಿ ಬರೆದಿದ್ದೇನೆ.

– ನಿವೃತ್ತ ಗಣಿತ ಶಿಕ್ಷಕಿ, ಕುಮಟಾ