ಎರಡರ ಮುಂದಿನ ಒಂದು

ಪುಟ್ಟಿ,

ನೀನು ಫೋನ್ ಎತ್ತದೆ ಇವತ್ತಿಗೆ ಹನ್ನೊಂದು ದಿನ. ಸಿಟ್ಟು ಇಳಿದ ಮೇಲೆ ಎತ್ತುತ್ತಾಳೆ ಬಿಡಿ ಅಂತ ನಿನ್ನ ಚಿಕ್ಕಮ್ಮ ಹೇಳಿದಳು. ಕಾಯಬಹುದಿತ್ತು. ಆದರೆ ಫೋನಿನಲ್ಲಿ ಸಿಕ್ಕರೆ ನಾನು ಮತ್ತೆ ಊಟ ಆಯ್ತಾ, ಮಳೆ ಇದೆಯಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಒಂದೊಂದು ಅಕ್ಷರ ಒತ್ತಿದಾಗಲೂ ಫೋನು ಅದನ್ನು ಗಟ್ಟಿಯಾಗಿ ಹೇಳುತ್ತದೆ. ಮನೆಯಲ್ಲಿ ಬೇರೆ ಯಾರೂ ಇಲ್ಲ, ಹೇಳಲಿ.

ಆ ಭಾನುವಾರದ್ದನ್ನು ಪೂರ್ತಿ ಬರೆಯಲ್ಲ, ನೀನೂ ಅಲ್ಲೇ ಇದ್ದೆ. ಸಂಘದ ಹೊಸ ಅಧ್ಯಕ್ಷೆ ಲೆಕ್ಕ ವಹಿಸಿಕೊಳ್ಳಲು ಬಂದಿದ್ದಳು. ಹಳೇ ಪಾಸ್‌ಬುಕ್ಕಿನ ಮೇಲೆ ಫೋನು ಹಿಡಿದಳು. ಅದು 2005ರ ಪುಟ ಓದಿ, ಹನ್ನೆರಡು ಸಾವಿರ ಅಂದಿತು. 'ನಾನೂ ಇದನ್ನೇ ಓದಿದ್ದೆ ಅಪ್ಪಾಜಿ' ಅಂದೆ ನೀನು. ನಾನು 'ಗೊತ್ತು' ಅಂದೆ. ಅದು ಬಾಯಿಂದ ಹೇಗೆ ಬಂತೋ. ಯಾವಾಗಿನಿಂದ ಗೊತ್ತು ಅಂತ ಕೇಳಿದೆ, ನಾನು ಸುಮ್ಮನೆ ಕೂತೆ. ನೀನು ಬ್ಯಾಗು ತಗೊಂಡು ಅವತ್ತೇ ಸಂಜೆ ಹೈದರಾಬಾದಿನ ಬಸ್ಸು ಹತ್ತಿದೆ.

ಯಾವಾಗಿನಿಂದ ಅಂದರೆ, ಆವತ್ತಿನಿಂದಲೇ.

ನೀನು ಆಗ ನಾಲ್ಕನೇ ಕ್ಲಾಸು. ಶಾಲೆಯ ಜಗಲಿಯಲ್ಲಿ ಕಮಿಟಿ ಸಭೆ. ನಾವು ಆರು ಜನ, ಆರೂ ಜನ ಅದೇ ಹಾಸ್ಟೆಲ್ಲಿನಲ್ಲಿ ಬೆಳೆದವರು, ಒಬ್ಬರಿಗೂ ಕಣ್ಣು ಕಾಣದು. ಪಕ್ಕದಲ್ಲಿ ಅವರು, ಬ್ಯಾಂಕಿನಲ್ಲಿ ನಮ್ಮ ಜೊತೆ ಸಹಿ ಹಾಕುತ್ತಿದ್ದವರು. ಅವರೀಗ ಇಲ್ಲ, ಹೆಸರು ಬರೆಯಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಂದಿತ್ತು. ಎಣ್ಣೆ ಕೈ ಪುಟಕ್ಕೆ ತಾಗಬಾರದು, ಮೊದಲು ಪಾಸ್‌ಬುಕ್, ಆಮೇಲೆ ತಿಂಡಿ ಅಂತ ನಾನೇ ಹೇಳಿದೆ. ನೀನು ನನ್ನ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತಿದ್ದೆ. ಬೆರಳಿಟ್ಟು ಓದುವ ಅಭ್ಯಾಸ ನಿನಗೆ. ಉಗುರು ಕಾಗದದ ಮೇಲೆ ಸರಿಯುವ ಸದ್ದು ಕೇಳುತ್ತಿತ್ತು.

ಹಾಸ್ಟೆಲ್ ಮಕ್ಕಳಿಗೆ ಹೊದಿಕೆ ತರಲು ನಾವು ಒಪ್ಪಿದ್ದು ಎರಡು ಸಾವಿರ. ನೀನು ಹನ್ನೆರಡು ಸಾವಿರ ಅಂತ ಓದಿದೆ. ಸರಿಯಾಗಿ ಓದು ಅಂದೆ. ಬೆರಳು ಮತ್ತೆ ಸರಿಯಿತು. 'ಎರಡರ ಮುಂದೆ ಒಂದು ಇದೆ ಅಪ್ಪಾಜಿ' ಅಂದೆ. ಅವರು ನಕ್ಕರು. 'ಪಾಪ, ಮಗು, ಗೆರೆ ನೋಡಿ ಒಂದು ಅಂತಾಳೆ' ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಬೈದೆ. 'ಓದೋಕೆ ಬರದಿದ್ರೆ ಯಾಕೆ ಬಂದೆ, ಮನೇಲಿರಬೇಕಿತ್ತು. ಇನ್ನೊಂದು ಸಲ ಓದು' ಅಂದೆ.

ಮೂರನೇ ಸಲ ಬೆರಳು ಸರಿಯಲಿಲ್ಲ. ಪುಟ ಮುಟ್ಟದೆಯೇ ನೀನು 'ಎರಡು ಸಾವಿರ' ಅಂದೆ.

ಮೂವತ್ತೊಂದು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವನು ನಾನು. 'ಸಾಹೇಬರು ಸೀಟಲ್ಲಿಲ್ಲ' ಅಂತ ಯಾರಾದರೂ ಅಂದರೆ ಸಾಹೇಬರು ಪಕ್ಕದಲ್ಲೇ ಇದ್ದಾರೋ ಇಲ್ಲವೋ ದನಿಯಲ್ಲೇ ಗೊತ್ತಾಗುತ್ತಿತ್ತು. ನನ್ನ ಮಗಳ ದನಿ ಗೊತ್ತಾಗಲ್ವಾ? ನಿನ್ನ ಮಂಡಿ ನನ್ನ ಮಂಡಿಯಿಂದ ಆಚೆ ಸರಿದದ್ದೂ ಗೊತ್ತಾಯಿತು. ಉಳಿಕೆ ಎಷ್ಟಿದೆ ಓದು ಅಂದಿದ್ದರೆ ಸಾಕಿತ್ತು, ಅಲ್ಲೇ ಎಲ್ಲ ಹೊರಗೆ ಬರುತ್ತಿತ್ತು. ಪ್ರತಿ ಸಲ ಕೇಳುತ್ತಿದ್ದವನು ಅವತ್ತು ಕೇಳಲಿಲ್ಲ. ಬೇಕಂತಲೇ ಕೇಳಲಿಲ್ಲ. ಬ್ರೈಲ್ ಸ್ಲೇಟಿಗೆ ಹಾಳೆ ಸಿಕ್ಕಿಸಿ ನಡಾವಳಿ ಬರೆದೆ. ಬ್ರೈಲ್‌ನಲ್ಲಿ ಅಂಕಿಯ ಗುರುತು ಹಾಕಿದ ಮೇಲೆ ಒಂದು ಅಂದರೆ ಒಂದೇ ಚುಕ್ಕಿ, ಎರಡು ಅಂದರೆ ಎರಡು ಚುಕ್ಕಿ. ಆ ಒಂದು ಚುಕ್ಕಿ ನಾನು ಚುಚ್ಚಲಿಲ್ಲ. ಆಮೇಲೆ ಎಲ್ಲರೂ ಮಂಡಕ್ಕಿ ತಿಂದೆವು. ನೀನು ಹಸಿವಿಲ್ಲ ಅಂದೆ.

ಮನೆಗೆ ಬರುವಾಗ ನಾನು ನಿನ್ನ ಹೆಗಲ ಮೇಲೆ ಕೈಯಿಟ್ಟಿದ್ದೆ. ಗುಂಡಿ ಇದೆ, ಮೆಟ್ಟಿಲು ಇದೆ ಅಂತ ನೀನು ದಿನಾ ಹೇಳುವ ಹಾಗೆಯೇ ಹೇಳುತ್ತಾ ಬಂದೆ. ಅಷ್ಟೂ ದಾರಿ ನಿನ್ನ ಮಾತು ನಂಬಿ ನಡೆದೆ ನಾನು. ಒಂದು ಸಲವೂ ನಿಜವಾ ಅಂತ ಕೇಳಲಿಲ್ಲ.

ಯಾಕೆ ಹಾಗೆ ಮಾಡಿದೆ ಅಂತ ನೀನು ಕೇಳಬಹುದು. ಆ ಬ್ಯಾಂಕಿನಲ್ಲಿ ನಮ್ಮನ್ನು ಹೇಗೆ ನೋಡುತ್ತಿದ್ದರು ಅಂತ ನಿನಗೆ ನೆನಪಿರಲ್ಲ, ಚಿಕ್ಕವಳು. ಸಂಘದ ಖಾತೆ ತೆರೆಯಲು ಹೋದರೆ 'ನಿಮ್ಮಲ್ಲಿ ಕಣ್ಣಿರೋರು ಯಾರೂ ಇಲ್ವಾ' ಅಂದಿದ್ದರು. ಕಣ್ಣಿರುವವರೊಬ್ಬರ ಸಹಿ ಇಲ್ಲದೆ ಆಗಲ್ಲ ಅಂದರು. ಹಾಗೆ ಬಂದವರು ಅವರು. ಚೆಕ್ ಬರೆಯುತ್ತಿದ್ದವರು ಅವರು, ಕೆಳಗೆ ಸಹಿ ಹಾಕುತ್ತಿದ್ದವನು ನಾನು. ಹಣ ಹೋಗಿದೆ ಅಂತ ಒಂದು ಸಲ ಹೊರಗೆ ಬಿದ್ದರೆ ಸಾಕಿತ್ತು. ಕುರುಡರಿಗೆ ಯಾಕೆ ಸಂಘ, ಯಾಕೆ ಲೆಕ್ಕಪತ್ರ ಅಂತ ಇಡೀ ಊರು ಅನ್ನುತ್ತಿತ್ತು. ಆ ಮಾತಿಗೆ ಹೆದರಿದೆ. ಸಂಘ ಒಡೆಯದಿರಲಿ ಅಂತ ನಿನ್ನ ಮಾತು ಮುರಿದೆ. ಎಂಟು ತಿಂಗಳಾದ ಮೇಲೆ ಅವರೇ ಮನೆಗೆ ಬಂದು ಅತ್ತರು, ಎರಡು ಕಂತಿನಲ್ಲಿ ವಾಪಸ್ ಕಟ್ಟಿದರು. ಕಮಿಟಿಗೂ ಹೇಳಲಿಲ್ಲ. ನೀನು ಆಗ ಒಳಗೆ ಹೋಂವರ್ಕ್ ಮಾಡುತ್ತಿದ್ದೆ. ಅವತ್ತಾದರೂ ಕರೆದು ಹೇಳಬೇಕಿತ್ತು.

2008ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು. ಕಣ್ಣು ಕಾಣದವರಿಗೆ ಚೆಕ್‌ಬುಕ್, ಎಟಿಎಂ, ಲಾಕರ್ ಯಾವುದನ್ನೂ ಇಲ್ಲ ಅನ್ನಬಾರದು ಅಂತ. ಅದರ ಪ್ರತಿ ತಗೊಂಡು ನಾವು ಐದು ಜನ ಮತ್ತೆ ಬ್ಯಾಂಕಿಗೆ ಹೋದೆವು. ಮೂರು ಸಲ ವಾಪಸ್ ಕಳಿಸಿದರು, ನಾಲ್ಕನೇ ಸಲ ಆಯಿತು. ಅವತ್ತಿನಿಂದ ಸಂಘದ ಚೆಕ್ಕಿನ ಮೇಲೆ ಇರುವುದು ನಮ್ಮದೇ ಎರಡು ಸಹಿ. ಎಲ್ಲರೂ ನನ್ನ ಛಲ ಹೊಗಳಿದರು. ಆ ಛಲ ಎಲ್ಲಿಂದ ಬಂತು ಅಂತ ಇವತ್ತು ನಿನಗೆ ಹೇಳುತ್ತಿದ್ದೇನೆ.

ಸಂಘ ನಿನ್ನಿಂದ ಜಾಸ್ತಿ ಕಿತ್ತುಕೊಂಡಿತು, ಒಪ್ಪುತ್ತೇನೆ. ನಿನ್ನ ಭಾನುವಾರಗಳೆಲ್ಲ ಅಲ್ಲೇ ಹೋದವು. ಸದಸ್ಯರ ಚಂದಾ ಹಣ ಜೋಡಿಸಿಕೊಡುತ್ತಿದ್ದೆ. ನೂರರ ನೋಟಿನಲ್ಲಿ ತ್ರಿಕೋನ, ಐನೂರರಲ್ಲಿ ವೃತ್ತ ಉಬ್ಬಿರುತ್ತದೆ ಅಂತ ಹೇಳುತ್ತಾರೆ. ಹಳೇ ನೋಟಿನಲ್ಲಿ ಅದೆಲ್ಲ ಸವೆದು ಏನೂ ಸಿಗಲ್ಲ, ನಿನ್ನ ಕೈಯೇ ಗತಿಯಾಗಿತ್ತು. ನೀನು ಎಂಟನೇ ಕ್ಲಾಸಿನಲ್ಲಿದ್ದಾಗ ಎಸ್ಸೆಸ್ಸೆಲ್ಸಿ ಹುಡುಗನೊಬ್ಬನಿಗೆ ಪರೀಕ್ಷೆ ಬರೆದುಕೊಡಲು ಯಾರೂ ಸಿಗದೆ ನಿನ್ನನ್ನೇ ಕಳಿಸಿದೆ. ಅವನು ತಪ್ಪು ಉತ್ತರ ಹೇಳಿದ. ನಿನಗೆ ಸರಿ ಉತ್ತರ ಗೊತ್ತಿತ್ತು. ಆದರೂ ಅವನು ಹೇಳಿದ್ದನ್ನೇ ಬರೆದು, ಮನೆಗೆ ಬಂದು ಅತ್ತೆ. ಅವತ್ತು ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಇದ್ದದ್ದನ್ನು ಇದ್ದ ಹಾಗೇ ಬರೆಯುವವಳು ನನ್ನ ಮಗಳು ಅಂತ. ಹೇಳಬೇಕು ಅಂತ ಬಾಯಿ ತೆರೆದೆ. ಆ ಮೂರನೇ ಸಲದ ದನಿ ಅಡ್ಡ ಬಂತು. ಯಾವ ಮುಖ ಇಟ್ಟುಕೊಂಡು ಹೇಳಲಿ?

ಈಗ ಆಫೀಸಿನಲ್ಲಿ ನಿನ್ನ ಕೈಕೆಳಗೆ ಜನ ಇದ್ದಾರೆ, ಬಿಲ್ಲಿಗೆ ಸಹಿ ಹಾಕುತ್ತೀ ಅಂತ ಚಿಕ್ಕಮ್ಮ ಹೇಳಿದಳು. ಅದನ್ನೂ ಅವಳಿಂದ ಕೇಳಬೇಕಾಯಿತು, ಇರಲಿ. ಒಂದು ಮಾತು ಕೇಳು. ಮೊತ್ತ ಬರೆಯದ ಕಾಗದಕ್ಕೆ ಸಹಿ ಹಾಕಬೇಡ, ಎಷ್ಟೇ ಬೇಕಾದವರಿರಲಿ. ಆತುರ ಮಾಡಿದರೆ ಇನ್ನೂ ನಿಧಾನ ಮಾಡು. ನಿನ್ನ ಕೈಕೆಳಗಿನ ಹುಡುಗ ಹುಡುಗಿಯರು ಇಲ್ಲಿ ಏನೋ ತಪ್ಪಿದೆ ಮೇಡಂ ಅಂದರೆ ಅಲ್ಲೇ ನಿಲ್ಲಿಸಿ ಕೇಳು, ಎಲ್ಲರೆದುರು ಇನ್ನೊಂದು ಸಲ ಓದು ಅನ್ನಬೇಡ. ದುಡ್ಡಿನ ಜಾಗದಲ್ಲಿ ನಗುವವರನ್ನು ನಂಬಬೇಡ. ರಸೀದಿ ಇಟ್ಟುಕೋ. ರಾತ್ರಿ ಹತ್ತರವರೆಗೆ ಆಫೀಸಿನಲ್ಲಿ ಕೂರಬೇಡ, ಆ ಹೊತ್ತಿನ ಆಟೋ ನನಗೆ ಭಯ. ಊಟ ಬಿಟ್ಟು ಸಿಟ್ಟು ತೀರಿಸುವ ಅಭ್ಯಾಸ ಇನ್ನೂ ಇದ್ದರೆ ಬಿಡು. ಆವತ್ತಿನಿಂದಲೇ ಶುರುವಾಯಿತೇನೋ ಅದು ಅಂತ ಈಗೀಗ ಅನ್ನಿಸುತ್ತಿದೆ.

ಹೊಸ ಅಧ್ಯಕ್ಷೆ ಗಟ್ಟಿ ಹುಡುಗಿ. ಕಂಪ್ಯೂಟರಿನಲ್ಲೇ ಲೆಕ್ಕ ಬರೆಯುತ್ತಾಳೆ, ಅದೇ ಓದಿ ಹೇಳುತ್ತದೆ. ಯಾರ ಮಗಳನ್ನೂ ಭಾನುವಾರ ಎಳೆದು ತರಬೇಕಾಗಿಲ್ಲ. 2025ರ ನವೆಂಬರಿನಲ್ಲಿ ದೀಪಿಕಾ ನಾಯಕಿಯಾಗಿ ಭಾರತ ಕೊಲಂಬೊದಲ್ಲಿ ಅಂಧ ಮಹಿಳೆಯರ ಕ್ರಿಕೆಟ್ ವಿಶ್ವಕಪ್ ಗೆದ್ದಾಗ ಇವಳು ಹಾಸ್ಟೆಲ್ ಹುಡುಗಿಯರಿಗೆಲ್ಲ ಗಿಲಕಿ ಚೆಂಡು ತಂದುಕೊಟ್ಟಳು. ನಮ್ಮ ಕಾಲದಲ್ಲಿ ಹುಡುಗಿಯರಿಗೆ ಬೆತ್ತದ ಕುರ್ಚಿ ಹೆಣೆಯುವುದನ್ನೂ ಕಲಿಸುತ್ತಿರಲಿಲ್ಲ.

ಮೊನ್ನೆ ಭಾನುವಾರ ಸರ್ವ ಸದಸ್ಯರ ಸಭೆ ಆಯಿತು. ನನಗೆ ಶಾಲು, ಹಾರ ಹಾಕಲು ಇಟ್ಟಿದ್ದರು. ಹಾರ ಆಮೇಲೆ, ಮೊದಲು ನನ್ನ ಮಾತು ಅಂದೆ. ಎದ್ದು ನಿಂತು ಎಲ್ಲ ಹೇಳಿದೆ. ಚೆಕ್, ಹನ್ನೆರಡು ಸಾವಿರ, ಎರಡು ಕಂತು, ಮೂರು ಸಲ ಓದಿಸಿದ್ದು, ಎಲ್ಲ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆವತ್ತಿನ ಆರು ಜನರಲ್ಲಿ ಒಬ್ಬನು, ನನ್ನ ಹಾಸ್ಟೆಲ್ಲಿನ ಪಕ್ಕದ ಮಂಚದವನು, 'ಮನೆ ವಿಷಯ ಇಲ್ಲಿ ಯಾಕೋ, ಹೋದವರ ಹೆಸರು ಕೆಡಿಸಬೇಡ' ಅಂದ. ಹೆಸರು ಬರೆಯಬೇಡಿ, ಹುಡುಗಿ ಸರಿಯಾಗಿ ಓದಿದ್ದಳು ಅಂತ ಬರೆಯಿರಿ ಅಂದೆ. ಅಧ್ಯಕ್ಷೆ ಕೈ ಎತ್ತಿಸಲಿಲ್ಲ. ಒಬ್ಬೊಬ್ಬರನ್ನೂ ಕರೆದು ಬಾಯಲ್ಲೇ ಒಪ್ಪಿಗೆ ಕೇಳಿದಳು. ಅವನೂ ಕೊನೆಗೆ ಹೂಂ ಅಂದ.

ಏಳನೇ ಕಲಮು ಅದು. ಬ್ರೈಲ್ ಪ್ರತಿ ನಾನೇ ಬರೆದೆ, ಆ ಚುಕ್ಕಿ ಸಮೇತ. ಕಂಪ್ಯೂಟರಿನ ಪ್ರತಿ ನಿನಗೆ ವಾಟ್ಸಾಪ್ ಮಾಡಿದ್ದೇನೆ, ಇನ್ನೂ ನೋಡಿಲ್ಲ ಅನ್ನಿಸುತ್ತೆ. ಅದರಲ್ಲಿ ನಿನ್ನ ಪೂರ್ತಿ ಹೆಸರು ಇದೆ. ಅವಳು ಶ ಹಾಕಿದ್ದಾಳೋ ಷ ಹಾಕಿದ್ದಾಳೋ, ಎರಡು ಸಲ ಓದಿಸಿ ಕೇಳಿದರೂ ನನಗೆ ತಿಳಿಯಲಿಲ್ಲ. ನೀನು ನೋಡಿ ಹೇಳು. ಹೇಳಿದ ಹಾಗೆ ತಿದ್ದಿಸುತ್ತೇನೆ.

ನಿನ್ನ
ಅಪ್ಪಾಜಿ