ಮಳೆಯ ಅನಿಮೇಷನ್ ಮಾಡುತ್ತಿರುವ ಪಲ್ಲವಿಗೆ

ಪುಣೆ

ಚಿ. ಪಲ್ಲವಿಗೆ ಕಾಕಾನ ಆಶೀರ್ವಾದಗಳು.

ನೀನು ಕಳಿಸಿದ 2005ರ ಮಳೆಗಾಲದ ಅನಿಮೇಷನ್ ನೋಡಿದೆ. ನಿನ್ನ ಕಾಕುಗೂ ತೋರಿಸಿದೆ. "ಎಷ್ಟು ಚೆಂದ ಹರೀತದಲ್ಲಾ!" ಅಂದಳು. ನನ್ನ ತಕರಾರು ಇರುವುದೇ ಆ ಹರಿಯುವುದರ ಬಗ್ಗೆ.

ನಿನ್ನ ಡೇಟಾ ನಮ್ಮ ಶಿವಾಜಿನಗರದ ಸಿಮ್ಲಾ ಆಫೀಸಿನದು. ಹವಾಮಾನ ಇಲಾಖೆ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದಿದ್ದಕ್ಕೆ ಇವತ್ತಿಗೂ ಜನ ಹಾಗೇ ಕರೆಯುತ್ತಾರೆ. ಈ ಡೇಟಾದಲ್ಲಿ ದಿನಕ್ಕೆ ಒಂದೇ ಚಿತ್ರ. ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ ಬಿದ್ದ ಮಳೆಯ ಒಟ್ಟು ಲೆಕ್ಕ, ಅಷ್ಟೇ. ಆ 24 ಗಂಟೆಯೊಳಗೆ ಯಾವಾಗ ಹೊಯ್ಯಿತು, ಯಾವಾಗ ನಿಂತಿತು ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ನೀನು ಡೇಟಾವನ್ನು ಚಿತ್ರ ಮಾಡುವ ಪ್ಯಾರಾವ್ಯೂ ಸಾಫ್ಟ್‌ವೇರಿನಲ್ಲಿ ಟೆಂಪೊರಲ್ ಇಂಟರ್‌ಪೊಲೇಟರ್ ಹಾಕಿದ್ದೀಯ. ಅದು ಎರಡು ದಿನಗಳ ನಡುವೆ ತಾನೇ ಚಿತ್ರ ಹುಟ್ಟಿಸುತ್ತದೆ. ರತ್ನಾಗಿರಿಯಲ್ಲಿ ಬಣ್ಣ ಮೆಲ್ಲಗೆ ಕರಗುತ್ತದೆ, ಕೊಲ್ಹಾಪುರದಲ್ಲಿ ಮೆಲ್ಲಗೆ ಮೂಡುತ್ತದೆ. ನೋಡಿದವರು ಮೋಡ ಘಟ್ಟ ಹತ್ತಿ ಬಂತು ಅಂದುಕೊಳ್ಳುತ್ತಾರೆ. ಯಾರೂ ಅಳೆಯದ ಮೋಡ ಅದು!

ಜುಲೈ 26ರ ಮುಂಬೈ ಮಳೆಯನ್ನೇ ನೋಡು. ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್, ಕೊಲಾಬಾದಲ್ಲಿ 75 ಕೂಡ ಇಲ್ಲ. ನಿನ್ನ ಡೇಟಾ ನಕ್ಷೆಯನ್ನು ಚೌಕಗಳಾಗಿ ಹಂಚಿ ಚೌಕಕ್ಕೊಂದು ಲೆಕ್ಕ ಕೊಡುತ್ತದೆ. ಒಂದು ಚೌಕದ ಬದಿಯೇ ಸುಮಾರು 27 ಕಿಲೋಮೀಟರ್. ಆ ಎರಡು ಜಾಗಗಳ ಅಂತರ ಅದಕ್ಕಿಂತ ಕಡಿಮೆ. ಅಂಥ ಕಡೆ ಚೌಕಗಳ ಅಂಚು ನುಣುಪು ಮಾಡಿ ಏನು ತೋರಿಸುತ್ತೀ? ಚೌಕ ಚೌಕವಾಗಿಯೇ ಕಾಣಲಿ, ಒರಟಾದರೂ ಪರವಾಗಿಲ್ಲ. ಇನ್ನೊಂದು, ಆ ಮಳೆ 27ನೇ ತಾರೀಖಿನ ಚಿತ್ರದಲ್ಲಿ ಬರುತ್ತದೆ, ಯಾಕಂದರೆ ಲೆಕ್ಕ ಮುಗಿಯುವುದು ಅವತ್ತು ಬೆಳಿಗ್ಗೆ. ಮೂಲೆಯಲ್ಲಿ ತಾರೀಖಿನ ಜೊತೆ "ಬೆಳಿಗ್ಗೆ 8:30ರವರೆಗೆ" ಅಂತ ಬರೆ. ಇಲ್ಲದಿದ್ದರೆ ಮುಂಬೈಯವರು ಯಾರಾದರೂ ತಪ್ಪು ಅಂತ ಜಗಳಕ್ಕೇ ಬರುತ್ತಾರೆ.

ಬಣ್ಣದ್ದೂ ಒಂದು ಮಾತಿದೆ. ಎಷ್ಟು ಮಳೆಗೆ ಯಾವ ಬಣ್ಣ ಅನ್ನುವ ಅಳತೆ ಪ್ರತಿ ದಿನಕ್ಕೂ ತಾನೇ ಬದಲಾಗುವ ಹಾಗೆ ಬಿಟ್ಟಿದ್ದೀಯ. ಹಾಗಾಗಿ ಜೂನ್ ಮೊದಲ ವಾರದ ಜಿನುಗು ಮಳೆಯೂ ಕಡುಗೆಂಪು, ಜುಲೈ 27ರ ಪ್ರಳಯವೂ ಕಡುಗೆಂಪು. ಇಡೀ ಮಳೆಗಾಲಕ್ಕೆ ಒಂದೇ ಅಳತೆ ಕಟ್ಟು. ಆದರೆ ಮಳೆ ಹೆಚ್ಚಿದಷ್ಟೇ ಬಣ್ಣವೂ ಸಮನಾಗಿ ಏರುವ ನೇರ ಅಳತೆ ಇಟ್ಟರೆ ಘಟ್ಟವೊಂದೇ ಉರಿಯುತ್ತದೆ. ಲೋಣಾವಳಾದಲ್ಲಿ ಧೋ ಅಂತ ಸುರಿಯುವ ದಿನ ನಮ್ಮ ಕೋಥರೂಡ್‌ನಲ್ಲಿ ಛತ್ರಿ ಬಿಚ್ಚುವಷ್ಟೂ ಇರುವುದಿಲ್ಲ, ಅಲ್ವಾ? ಅದಕ್ಕೇ ಇಲಾಖೆಯ ಮೆಟ್ಟಿಲುಗಳನ್ನೇ ಹಿಡಿ. 64.5 ಮಿಲಿಮೀಟರ್ ಆದರೆ ಭಾರೀ, 115.6ರಿಂದ ಅತಿ ಭಾರೀ, 204.4 ದಾಟಿದರೆ ವಿಪರೀತ. ಅದರ ಕೆಳಗೆ ನಾಲ್ಕೈದು ತಿಳಿ ಮೆಟ್ಟಿಲು ನೀನೇ ಸೇರಿಸು. ಕಾಮನಬಿಲ್ಲಿನ ಬಣ್ಣ ಮಾತ್ರ ಬೇಡ. ಅದರಲ್ಲಿ ಹಳದಿ ಪಟ್ಟಿ ಸುಮ್ನೆ ಕಣ್ಣಿಗೆ ಹೊಡೆಯುತ್ತದೆ, ಅಲ್ಲೇನೋ ದೊಡ್ಡದು ಆಗಿದೆ ಅನ್ನಿಸುತ್ತದೆ.

ಸಮುದ್ರದ ಜಾಗದಲ್ಲಿ -999 ಇರುತ್ತದೆ. ಅದು ಮಳೆಯಲ್ಲ, ಡೇಟಾ ಇಲ್ಲ ಅನ್ನುವ ಗುರುತು. ಇಂತಿಷ್ಟರ ಕೆಳಗಿನ ಬೆಲೆಗಳನ್ನು ಬಿಡುವ ಥ್ರೆಶೋಲ್ಡ್ ಫಿಲ್ಟರ್ ಹಾಕಿ ತೆಗೆದುಬಿಡು. ಕ್ಯಾಮೆರಾ ತಿರುಗಿಸುವುದನ್ನೂ ಬಿಡು. ನಕ್ಷೆ ತಿರುಗುತ್ತಿದ್ದರೆ ಮಳೆ ಯಾರು ನೋಡುತ್ತಾರೆ?

ನೇರ ವಿಡಿಯೋ ಮಾಡಬೇಡ. ಪಿಎನ್‌ಜಿ ಚಿತ್ರಗಳಾಗಿ ಉಳಿಸಿ, ಆಮೇಲೆ ಚಿತ್ರಗಳಿಂದ ವಿಡಿಯೋ ಮಾಡುವ ಎಫ್‌ಎಫ್‌ಎಂಪೆಗ್‌ನಲ್ಲಿ ಜೋಡಿಸು. ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ಗೆ 122 ದಿನ. ಸೆಕೆಂಡಿಗೆ 3 ಚಿತ್ರ ಇಟ್ಟರೆ ಸುಮಾರು 41 ಸೆಕೆಂಡ್, ಸಾಕು.

ರವಿವಾರ ಲ್ಯಾಪ್‌ಟಾಪ್ ತಗೊಂಡು ಬಾ, ಬಣ್ಣದ ಮೆಟ್ಟಿಲು ಕೂತು ಮಾಡೋಣ. ಚಾರ್ಜರ್ ಮರೆಯಬೇಡ.

ನಿನ್ನ
ಕಾಕಾ